ಸೂತಕವಿಲ್ಲದ ಮನೆ

ಆ ಊರಿನ ಕೆಳಗೆ ಒಂದು ಕಣಿವೆ ಇತ್ತು. ಕಣಿವೆಯಿಂದ ಮಂಜು ಏಳುತ್ತಿತ್ತು. ಬೇರೆ ಊರುಗಳ ಮಂಜು ಬೆಳಗಿನ ಹೊತ್ತು ಬಂದು ಬಿಸಿಲೇರಿದ ಮೇಲೆ ಹೋಗುತ್ತದೆ. ಇದು ಬಿಸಿಲು ಇಳಿಯುವಾಗ ಬರುತ್ತಿತ್ತು. ಹೊಲದ ಬದುಗಳನ್ನು ಮೂಸುತ್ತಾ, ಕಾಲುದಾರಿಗಳನ್ನು ನೆಕ್ಕುತ್ತಾ ಮೇಲೇರಿ ಊರಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಅದರೊಳಗೆ ಸಿಕ್ಕವರಿಗೆ ತಮ್ಮ ಕೈ ತಮಗೇ ಕಾಣುತ್ತಿರಲಿಲ್ಲ. ದನ ಅಟ್ಟಿಕೊಂಡು ಹೋದವರು, ಸೌದೆಗೆ ಹೋದವರು, ಕಣಿವೆಯಾಚೆಯ ನೆಂಟರ ಮನೆಯಿಂದ ಹೊತ್ತು ಮೀರಿ ಹೊರಟವರು ಅದರಲ್ಲಿ ಸಿಕ್ಕಿಕೊಳ್ಳುತ್ತಿದ್ದರು.

ಅವರನ್ನು ಕರೆತರಲು ಊರಿನಲ್ಲಿ ಹುಡುಕಾಳುಗಳಿದ್ದರು. ಜಾಗಟೆ ಬಾರಿಸಿದ ಕೂಡಲೇ ಉಣ್ಣುತ್ತಿದ್ದವರು ಕೈ ತೊಳೆದು ಏಳುತ್ತಿದ್ದರು, ಮಲಗಿದ್ದವರು ಕಣ್ಣುಜ್ಜಿಕೊಂಡು ಏಳುತ್ತಿದ್ದರು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮಂಜಿನೊಳಗೆ ಇಳಿಯುತ್ತಿದ್ದರು. ಹಗ್ಗದ ಇನ್ನೊಂದು ತುದಿಯನ್ನು ಕಣಿವೆಯ ಬಾಯಲ್ಲಿ ನಿಂತವರು ಹಿಡಿದು, ಇಳಿದವನು ಒಳಗಿಂದ ಎಳೆದು ಸನ್ನೆ ಮಾಡಿದಾಗ ಮೇಲೆಳೆಯುತ್ತಿದ್ದರು. ಹೆಚ್ಚಿನ ಸಲ ಹೋದವನು ಯಾರನ್ನಾದರೂ ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದ. ಕೆಲವು ಸಲ ಹಗ್ಗ ಮಾತ್ರ ಬರುತ್ತಿತ್ತು.

ಹಗ್ಗ ಮಾತ್ರ ಬಂದರೆ ಅದಕ್ಕೊಂದು ಕಟ್ಟಳೆ ಇತ್ತು. ಹೋದವನ ಮನೆಯ ಮುಂದೆ ವೀರಗಲ್ಲು ನೆಡಬೇಕು. ಕಲ್ಲು ನೆಟ್ಟ ಮನೆಗೆ ಸೂತಕವಿಲ್ಲ. ಅಲ್ಲಿ ಸತ್ತ ಎನ್ನುವ ಮಾತಾಡಬಾರದು. ಅವನ ಹೆಸರು ಹಿಡಿದು ಕರೆಯಬಾರದು, ವೀರ ಎನ್ನಬೇಕು. ಅಳಬಾರದು. ಅಳು ಕೇಳಿಸಿದರೆ ಕಲ್ಲು ಬಿರಿಯುತ್ತದೆ, ಕಲ್ಲು ಬಿರಿದರೆ ಮಂಜು ಊರೊಳಗೆ ನುಗ್ಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಆ ಕಲ್ಲನ್ನು ದಾಟಿ ಯಾರೂ ಹೊಸ್ತಿಲು ತುಳಿಯಬಾರದು, ಏಕೆಂದರೆ ಅದು ಇನ್ನು ಗುಡಿ. ಗುಡಿಯೊಳಗೆ ಯಾರಾದರೂ ಹರಟೆಗೆ ಬಂದು ಕೂರುತ್ತಾರೆಯೇ?

ಆ ಊರಿನ ಒಬ್ಬ ಹುಡುಕಾಳಿಗೆ ಹೆಂಡತಿಯೂ ಒಬ್ಬಳೇ ಮಗಳೂ ಇದ್ದರು. ಮಗಳಿಗೆ ಹಾಲುಹಲ್ಲು ಬೀಳುವ ವಯಸ್ಸು. ಒಂದು ದಿನ ಬಿಸಿಲು ಇಳಿಯುವಾಗ ಅವನು ಜಗಲಿಯ ಮೇಲೆ ಕೂತು ಮಗಳ ಅಲುಗಾಡುವ ಹಲ್ಲಿಗೆ ದಾರ ಕಟ್ಟುತ್ತಿದ್ದ. ಜಾಗಟೆ ಕೇಳಿಸಿತು. ಬೀದಿಯಲ್ಲಿ ಓಡುತ್ತಿದ್ದವರು, ಕಣಿವೆಯಾಚೆಗೆ ಹೆರಿಗೆ ಮಾಡಿಸಲು ಹೊರಟ ಸೂಲಗಿತ್ತಿ ಮಂಜಿನಲ್ಲಿ ಸಿಕ್ಕಿಕೊಂಡಳು ಎಂದು ಕೂಗಿ ಹೇಳಿದರು. ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. ಈ ಹುಡುಗಿಯೂ ಅವಳ ಕೈಯಲ್ಲೇ ಹುಟ್ಟಿದ್ದಳು.

"ಇವತ್ತು ಬೇರೆ ಯಾರಾದ್ರೂ ಹೋಗಲಿ," ಎಂದಳು ಹೆಂಡತಿ. "ನಿನ್ನೆ ಇಳಿದವನು ನೀನೇ. ಇನ್ನೂ ಕೆಮ್ಮು ನಿಂತಿಲ್ಲ."

ಅವನು ದಾರವನ್ನು ಮಗಳ ಕೈಗೆ ಕೊಟ್ಟು ಎದ್ದ. "ಮುದ್ದೆ ಮುಚ್ಚಿಡು," ಎಂದು ಹೇಳಿ ಹೋದ.

ಹೆಂಡತಿ ಮುದ್ದೆ ಮುಚ್ಚಿಟ್ಟಳು. ಕತ್ತಲಾಗುವ ಮುಂಚೆ ಹುಡುಕಾಳುಗಳು ಬಂದು ಅಂಗಳದಲ್ಲಿ ತಲೆ ತಗ್ಗಿಸಿ ನಿಂತರು. ಅವರ ಕೈಯಲ್ಲಿ ಅವನ ಹಗ್ಗ ಇತ್ತು. ಅದು ತೊಯ್ದು ತಣ್ಣಗಿತ್ತು. ಸೊಂಟಕ್ಕೆ ಬಿಗಿದಿದ್ದ ಗಂಟು ಬಿಚ್ಚಿರಲಿಲ್ಲ, ಕತ್ತರಿಸಿರಲೂ ಇಲ್ಲ. ಕುಣಿಕೆ ಹಾಗೇ ಇತ್ತು. ಅದರೊಳಗೆ ಮನುಷ್ಯ ಇರಲಿಲ್ಲ.

ಕಲ್ಲುಕುಟಿಗರು ಕಲ್ಲು ಕೆತ್ತಿದರು. ಕೆಳಗೆ, ಸೂಲಗಿತ್ತಿಯನ್ನು ಹೆಗಲ ಮೇಲೆ ಹೊತ್ತು ಮಂಜಿನಿಂದ ಬರುತ್ತಿರುವ ಗಂಡಸು. ನಡುವೆ, ಅವನನ್ನು ಎರಡು ಕಡೆಯಿಂದ ಎತ್ತಿಕೊಂಡು ಹೋಗುವ ದೇವಕನ್ಯೆಯರು. ಮೇಲೆ ಸೂರ್ಯ, ಚಂದ್ರ. ಕಲ್ಲನ್ನು ಅವಳ ಬಾಗಿಲಿಗೆ ನೆಟ್ಟ ದಿನ ಊರೆಲ್ಲ ಸೇರಿತ್ತು. ಊರ ಯಜಮಾನ ಅವಳ ಮುಂದೆ ಕೈ ಮುಗಿದು, "ತಾಯಿ, ಇವತ್ತಿನಿಂದ ನಿಮ್ಮನೆ ಊರಿನ ಮನೆ. ನಿಮಗೆ ಯಾವ ಕೊರತೆಯೂ ಆಗದ ಹಾಗೆ ನೋಡ್ಕೋತೀವಿ," ಎಂದ. ನಿನ್ನೆಯವರೆಗೂ ಅವನು ಅವಳನ್ನು ಏನೇ ಹುಡುಗಿ ಎಂದು ಮಾತಾಡಿಸುತ್ತಿದ್ದ. ಅವಳ ಗಂಟಲಿನಲ್ಲಿ ಏನೋ ಮೇಲೆ ಬಂತು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಅದನ್ನು ನುಂಗಿದಳು.

ಕೊರತೆಯೇನೂ ಆಗಲಿಲ್ಲ. ರಾಗಿ ಬಂತು, ಬೆಲ್ಲ ಬಂತು, ಎಣ್ಣೆ ಬಂತು. ಎಲ್ಲವನ್ನೂ ಕಲ್ಲಿನ ಬುಡದಲ್ಲಿ ಇಟ್ಟು, ಕೈ ಮುಗಿದು, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋಗುತ್ತಿದ್ದರು. ಜೊತೆಗೆ ಕೂತು ಸೊಪ್ಪು ಬಿಡಿಸುತ್ತಿದ್ದ ಗೆಳತಿಯರು ಈಗ ಬೀದಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅವಳು ಬಂದರೆ ನಗುವುದನ್ನು ನಿಲ್ಲಿಸುತ್ತಿದ್ದರು. ಮಗಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಮಕ್ಕಳು ಮೊದಲು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಏನು ಆಡಬೇಕೆಂದು ತಿಳಿಯದೆ ಮನೆಗೆ ಹೋಗುತ್ತಿದ್ದರು. ಹಲ್ಲು ಯಾವಾಗಲೋ ತಾನಾಗಿ ಬಿದ್ದಿತ್ತು. ಹುಡುಗಿ ಅದನ್ನು ಯಾರಿಗೂ ತೋರಿಸಲಿಲ್ಲ.

ಹಗ್ಗವನ್ನು ಗೋಡೆಯ ಗೂಟಕ್ಕೆ ತೂಗುಹಾಕಿದ್ದರು. ಅದೂ ಕಟ್ಟಳೆಯೇ. ಹಗಲೆಲ್ಲ ಅದು ಹಗ್ಗದಂತೆ ಇರುತ್ತಿತ್ತು. ಮಂಜು ಏಳುವ ಹೊತ್ತಿಗೆ ಅದರ ಕುಣಿಕೆ ನೆಲದಿಂದ ಎದ್ದು ಬಾಗಿಲಿನ ಕಡೆಗೆ ಚಾಚಿಕೊಳ್ಳುತ್ತಿತ್ತು. ಹುರಿ ಬಿಗಿಯುತ್ತಿತ್ತು. ಗಾಳಿಯಲ್ಲಿ ಯಾರೋ ಅದನ್ನು ಕಟ್ಟಿಕೊಂಡು ನಡೆಯುತ್ತಿರುವ ಹಾಗೆ ಒಮ್ಮೆ ಎಡಕ್ಕೆ ಹೋಗುತ್ತಿತ್ತು, ನಿಲ್ಲುತ್ತಿತ್ತು, ಬಲಕ್ಕೆ ಹೋಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಗೂಟ ಕಿರುಗುಟ್ಟುತ್ತಿತ್ತು.

ಮೊದಲ ಸಂಜೆ ಮಗಳು ನೋಡುತ್ತಾ ನಿಂತು, "ಅವ್ವಾ, ಅಪ್ಪ ನಡೀತಿದಾನೆ," ಎಂದಳು.

ಹೆಂಡತಿ ಓಡಿಹೋಗಿ ಹಗ್ಗ ಹಿಡಿದಳು. ಅಂಗೈಗೆ ಸುತ್ತಿಕೊಂಡು, ಕಂಬಕ್ಕೆ ಕಾಲು ಕೊಟ್ಟು ಕೂತಳು. ಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಬಿಡಲಿಲ್ಲ. ಮಂಜು ಇಳಿಯುವವರೆಗೂ ಹಿಡಿದು ಕೂತಿರುತ್ತಿದ್ದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಒಲೆಯ ಮೇಲಿನ ಸಾರು ಸೀದು ಹೋಗುತ್ತಿತ್ತು. ಮಗಳು ತಣ್ಣನೆಯದನ್ನು ತಿಂದು ಮಲಗುತ್ತಿದ್ದಳು. ಹೆಂಡತಿಯ ಅಂಗೈ ಸುಲಿದು, ಒಣಗಿ, ಮತ್ತೆ ಸುಲಿಯಿತು. ಇದು ತನ್ನ ಮನೆಯೊಂದರಲ್ಲೇ ಆಗುತ್ತಿದೆ, ತಾನು ಒಳಗೊಳಗೆ ಅಳುತ್ತಿರುವುದರಿಂದಲೇ ಆಗುತ್ತಿದೆ ಎಂದು ತಿಳಿದು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವಳು ನೀರು ಸೇದುತ್ತಿದ್ದಾಗ ಕೈಗೆ ಉರಿ ಹತ್ತಿ ಕೊಡ ಜಾರಿತು. ಪಕ್ಕದಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಅವಳದೂ ಬಾಗಿಲಿಗೆ ವೀರಗಲ್ಲು ನೆಟ್ಟ ಕಲ್ಲುಮನೆ. ಅವಳ ಮಗನ ಕಲ್ಲು ಎಷ್ಟು ಹಳೆಯದೆಂದರೆ ಅದರ ಮುಖ ಮೂಗು ಎಲ್ಲ ಎಣ್ಣೆ ಕುಡಿದು ಸವೆದಿದ್ದವು. ಮುದುಕಿ ಹೆಂಡತಿಯ ಕೈಯನ್ನು ನೋಡಿದಳು. ಸುತ್ತ ಯಾರಿದ್ದಾರೆ ಎಂದು ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಬಿಚ್ಚಿ ಅವಳ ಮುಂದೆ ಹಿಡಿದಳು. ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಅಡ್ಡಡ್ಡ ಹಗ್ಗದ ಗುರುತು ಮಾತ್ರ ಇತ್ತು.

ಆ ಸಂಜೆ ಹಿತ್ತಿಲ ಬಾಗಿಲು ಸದ್ದಾಯಿತು. ಮುದುಕಿ ಒಳಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಜ್ಜಿ, ಒಳಗೆ ಬರಬಾರದು," ಎಂದಳು ಹೆಂಡತಿ.

"ಹೊಸ್ತಿಲು ತುಳೀಬಾರದು ಅಂತ ಕಟ್ಟಳೆ. ಹಿತ್ತಿಲ ಬಾಗಿಲಿಗೂ ಕಟ್ಟಳೆ ಮಾಡೋದು ಅವರಿಗೆ ನೆನಪಾಗಲಿಲ್ಲ," ಎಂದಳು ಮುದುಕಿ. "ಅದನ್ನ ಇಲ್ಲಿ ಕೊಡು. ಸ್ವಲ್ಪ ಹೊತ್ತು ನಾನು ಹಿಡೀತೀನಿ. ನೀನು ಮಗೂಗೆ ಬಿಸಿ ಏನಾದ್ರೂ ಮಾಡಿಹಾಕು. ನೀನೂ ತಿನ್ನು."

"ನಿನ್ನ ಮನೇದು?"

"ಗೂಟಕ್ಕೆ ಬಿಗಿಯಾಗಿ ಸುತ್ತಿ ಬಂದಿದೀನಿ. ಅದು ಹಳೇದು. ಸ್ವಲ್ಪ ಹೊತ್ತು ತಾಳುತ್ತೆ."

ಹೆಂಡತಿ ಹಗ್ಗ ಕೊಟ್ಟಳು. ಕೊಡುವಾಗ ಕೈಬೆರಳುಗಳು ಬಿಚ್ಚಿಕೊಳ್ಳಲಿಲ್ಲ; ಮುದುಕಿ ಒಂದೊಂದಾಗಿ ಬಿಡಿಸಿದಳು. ಆ ಸಂಜೆ ಅವಳು ಹೊಸ ನೀರಿಟ್ಟು ಮುದ್ದೆ ಕಟ್ಟಿದಳು. ಮಗಳೂ ಅವಳೂ ಎದುರೆದುರು ಕೂತು ಉಂಡರು. ಮುದುಕಿ ಧೈರ್ಯ ತಂದುಕೋ ಎನ್ನಲಿಲ್ಲ, ನಿನ್ನ ಗಂಡ ದೊಡ್ಡವನು ಎನ್ನಲಿಲ್ಲ. ಹಗ್ಗ ಎಡಕ್ಕೆ ಹೋದಾಗ ಎಡಕ್ಕೆ ವಾಲಿದಳು, ಬಲಕ್ಕೆ ಹೋದಾಗ ಬಲಕ್ಕೆ ವಾಲಿದಳು.

ಹೀಗೆ ಹಿತ್ತಿಲುಗಳ ದಾರಿ ಅವಳಿಗೆ ತಿಳಿಯಿತು. ಊರಿನ ಮುಂಬಾಗಿಲುಗಳಿಗೆ ಒಂದು ಊರಿತ್ತು, ಹಿಂಬಾಗಿಲುಗಳಿಗೆ ಇನ್ನೊಂದು. ಬೇಲಿಯ ಸಂದು ದಾಟಿ, ಒಗೆಯುವ ಕಲ್ಲು ದಾಟಿ, ಕಲ್ಲುಮನೆಯ ಒಬ್ಬಳು ಇನ್ನೊಬ್ಬಳ ಮನೆಗೆ ಹೋಗಿ ಒಂದಷ್ಟು ಹೊತ್ತು ಹಗ್ಗ ಹಿಡಿದು ಬರುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳು ಇದ್ದಳು, ಅಣ್ಣನನ್ನು ಕಳೆದುಕೊಂಡ ತಂಗಿಯೊಬ್ಬಳು ಇದ್ದಳು. ಯಾರೂ ಅಳುತ್ತಿರಲಿಲ್ಲ. ಅಷ್ಟು ಧೈರ್ಯ ಹಿತ್ತಿಲಿನಲ್ಲೂ ಇರಲಿಲ್ಲ. ಆದರೂ ಹೆಂಡತಿಗೆ ಮೈ ಸ್ವಲ್ಪ ಹಗುರಾಯಿತು.

ಹಾಗಿರುವಾಗ ಒಂದು ಮಧ್ಯಾಹ್ನ ಹಿತ್ತಿಲಿಗೆ ಸೂಲಗಿತ್ತಿ ಬಂದಳು. ಕಲ್ಲು ನೆಟ್ಟ ಮೇಲೆ ಅವಳು ಈ ಬೀದಿಯಲ್ಲಿ ಕಾಣಿಸಿಕೊಂಡಿರಲಿಲ್ಲ. ಸೊರಗಿದ್ದಳು. ಒಗೆಯುವ ಕಲ್ಲಿನ ಮೇಲೆ ಕೂತಳು. ಮಗಳು ಒಳಗೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ತಾಯಿ, ಆ ಕಲ್ಲಿನ ಮೇಲೆ ಇರೋದು ಸುಳ್ಳು," ಎಂದಳು ಸೂಲಗಿತ್ತಿ. "ನನ್ನ ಯಾರೂ ಹೊತ್ಕೊಂಡು ಬರಲಿಲ್ಲ. ಮಂಜು ಮುಸುಕಿದಾಗ ನಾನು ಹಳ್ಳದ ನೀರಿನ ಸದ್ದು ಹಿಡಿದು ಕೆಳಗೇ ಹೋದೆ. ಆಚೆ ಊರು ಸಿಕ್ಕಿತು. ಹೆರಿಗೆ ಆಯ್ತು. ಬಾಣಂತಿಗೆ ಜ್ವರ ಬಂತು, ಬಿಟ್ಟು ಬರೋಕಾಗಲಿಲ್ಲ, ಉಳ್ಕೊಂಡೆ. ವಾಪಸ್ ಬಂದಾಗ ಕಲ್ಲು ಕೆತ್ತಿ ನೆಟ್ಟಾಗಿತ್ತು. ನಡೆದದ್ದನ್ನ ಹೇಳಬೇಡ ಅಂದರು. ಅವನು ನನ್ನ ಕಣ್ಣಿಗೂ ಬೀಳಲಿಲ್ಲ ತಾಯಿ."

"ಅವನು ಕೂಗಿದ್ದು ಕೇಳಿಸ್ತಾ?"

"ಇಲ್ಲ. ಅವನು ಇಳಿಯೋ ಹೊತ್ತಿಗೆ ನಾನು ಆಚೆ ಊರಲ್ಲಿ ನೀರು ಕಾಯಿಸ್ತಿದ್ದೆ, ತಾಯಿ."

"ತಾಯಿ ಅನ್ನಬೇಡ," ಎಂದಳು ಹೆಂಡತಿ. ಅವಳ ದನಿ ತಣ್ಣಗಿತ್ತು. "ಮೊದಲು ಏನಂತಿದ್ದೆ?"

"ಹುಡುಗಿ ಅಂತಿದ್ದೆ."

"ಹಾಗೇ ಅನ್ನು."

ಸೂಲಗಿತ್ತಿಗೆ ಅದು ಬಾಯಿಗೆ ಬರಲಿಲ್ಲ. ಎದ್ದು ಬೇಲಿಯ ಸಂದಿನಲ್ಲಿ ಹೋದಳು. ಅವಳು ಬದುಕಿರುವುದಕ್ಕೆ ಹೆಂಡತಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಆಮೇಲೆ ಬೇರೆಯದೇ ಸಿಟ್ಟು ಬಂತು, ಅದು ಗಂಡನ ಮೇಲಿನದು. ಅಷ್ಟು ದಿನ ದೇವರಾಗಿ ಕೂತಿದ್ದವನ ಮೇಲೆ ಸಿಟ್ಟು ಮಾಡಲು ಜಾಗವೇ ಇರಲಿಲ್ಲ. ಈಗ ಅದು ಒಳಗೆ ಕಾದ ಕಬ್ಬಿಣದ ಹಾಗೆ ಕೂತಿತು. ಅವಳು ಸೆರಗು ಹೊದ್ದು ಯಜಮಾನನ ಮನೆಗೆ ಹೋದಳು.

ಯಜಮಾನ ಅವಳನ್ನು ಕಂಡು ಎದ್ದು ನಿಂತ. ಅವಳು ಕೂರಲಿಲ್ಲ.

"ಯಜಮಾನ್ರೇ, ಸೂಲಗಿತ್ತಿ ತಾನೇ ಆಚೆ ಊರು ಸೇರಿದ್ದು ನಿಮಗೆ ಗೊತ್ತಿತ್ತಾ?"

ಅವನು ಸುಳ್ಳು ಹೇಳಲಿಲ್ಲ. "ಗೊತ್ತಾದಾಗ ಕಲ್ಲು ನೆಟ್ಟಾಗಿತ್ತು," ಎಂದ. "ತಪ್ಪು ಕಲ್ಲಿಂದು ತಾಯಿ, ಅವನದಲ್ಲ. ಅವನು ಇಳಿದದ್ದು ನಿಜ. ಆದರೆ ಸುಮ್ಮನೆ ಸತ್ತ ಅಂತ ಕೆತ್ತಿದರೆ, ನಾಳೆ ಜಾಗಟೆ ಬಾರಿಸಿದಾಗ ಯಾವ ತಾಯಿ ತನ್ನ ಮಗನ ಸೊಂಟಕ್ಕೆ ಹಗ್ಗ ಕಟ್ಟೋಕೆ ಬಿಡ್ತಾಳೆ? ಮಂಜಲ್ಲಿ ಸಿಕ್ಕೋರು ಸಿಕ್ತಾನೇ ಇರ್ತಾರೆ. ಅವರನ್ನ ಯಾರು ತರೋದು? ನೀವೇ ಹೇಳಿ."

ಅವನು ಕೆಟ್ಟವನೇನೂ ಆಗಿರಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮನೆಗೆ ಬಂದಳು. ಬರುವಷ್ಟರಲ್ಲಿ ಬಿಸಿಲು ಇಳಿದು ಬೀದಿಯ ಕೊನೆಯಲ್ಲಿ ಬೆಳ್ಳಗೆ ಮಂಜು ನಿಂತಿತ್ತು.

ಹಿತ್ತಿಲಲ್ಲಿ ಮುದುಕಿ ಆಚೀಚೆ ಓಡಾಡುತ್ತಿದ್ದಳು. "ಮಗು ನಿನ್ನ ಜೊತೆ ಬಂದಿಲ್ವಾ?" ಎಂದು ಕೇಳಿದಳು. ಹೆಂಡತಿ ಒಳಗೆ ನೋಡಿದಳು. ಆರಿಸಿದ ಅಕ್ಕಿ ಮೊರದಲ್ಲಿತ್ತು. ಗೂಟ ಬರಿದಾಗಿತ್ತು.

"ನಾನು ಬಂದಾಗ ಮಗು ಇಲ್ಲೇ ಇತ್ತು," ಎಂದಳು ಮುದುಕಿ. "ಸೂಲಗಿತ್ತಿ ಮನೆಗೆ ಬಂದ್ಲು ಅಂತ ಅಪ್ಪಂಗೆ ಯಾರಾದ್ರೂ ಹೇಳಿದಾರಾ ಅಜ್ಜಿ, ಅಂತ ಕೇಳ್ತು. ಯಾರು ಹೇಳ್ತಾರೆ ಮಗ, ಅಂದೆ. ಅಷ್ಟೇ ಕಣವ್ವ. ನನ್ನ ಮನೆ ಹಗ್ಗ ಬಿಗಿದು ಬರೋಣ ಅಂತ ಹೋದೆ."

ಹೆಂಡತಿ ಮುಂಬಾಗಿಲಿಗೆ ಓಡಿದಳು. ಹೊಸ್ತಿಲು ದಾಟಿ, ವೀರಗಲ್ಲಿನ ಮೇಲೆ ಕೈಯೂರಿ ನಿಂತಳು. ಎಂದೋ ನುಂಗಿದ್ದು ಗಂಟಲಿಗೆ ಬಂತು. ಈ ಸಲ ಅವಳು ಅದನ್ನು ತಡೆಯಲಿಲ್ಲ. ಅದು ಮಾತಾಗಿರಲಿಲ್ಲ, ಹೆಸರಾಗಿರಲಿಲ್ಲ. ಕರು ಸತ್ತ ಹಸು ಕೂಗುವ ಹಾಗೆ ಅವಳು ಕೂಗಿದಳು. ಬೀದಿಯಲ್ಲಿದ್ದವರು ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಎಲ್ಲರೂ ಕಲ್ಲನ್ನೇ ನೋಡಿದರು. ಕಲ್ಲು ಕಲ್ಲಿನಂತೆ ನಿಂತಿತ್ತು.

ಆಗ ಕಲ್ಲುಮನೆಗಳ ಮುಂಬಾಗಿಲುಗಳು ತೆರೆದವು. ಹೊಸದಾಗಿ ಮದುವೆಯಾಗಿ ಬಂದಿದ್ದವಳು ಬಂದಳು, ಅಣ್ಣನನ್ನು ಕಳೆದುಕೊಂಡ ತಂಗಿ ಬಂದಳು, ಹೆಂಡತಿಗೆ ಹೆಸರೂ ಗೊತ್ತಿರದ ಹೆಂಗಸರು ಬಂದರು. ಪ್ರತಿಯೊಬ್ಬಳೂ ತನ್ನ ಮನೆಯ ಹಗ್ಗವನ್ನು ಗೂಟದಿಂದ ಬಿಚ್ಚಿ ತಂದಿದ್ದಳು. ಬಿಗಿದು ತುಯ್ಯುವ ಹಗ್ಗಗಳನ್ನು ಹಿಡಿದು ಅವರು ಬೀದಿಯಲ್ಲಿ ಓಡಿದರು. ಓಡುತ್ತಲೇ ಒಂದರ ತುದಿಗೆ ಇನ್ನೊಂದನ್ನು ಗಂಟು ಹಾಕಿದರು.

ಕಣಿವೆಯ ಬಾಯಲ್ಲಿ ಹುಡುಕಾಳುಗಳು ಸೇರಿದ್ದರು. ಒಬ್ಬ ತರುಣ ಆಗಲೇ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ.

"ಅಕ್ಕಾ, ನಾನು ಇಳೀತೀನಿ," ಎಂದ.

"ನಿನ್ನ ದನಿ ಕೇಳಿದರೆ ಅವಳು ಹೆದರಿ ಅಡಗಿಕೋತಾಳೆ. ನನ್ನ ದನಿಗೆ ಬರ್ತಾಳೆ," ಎಂದಳು ಹೆಂಡತಿ. "ನೀನು ಇಲ್ಲೇ ಇರು. ಇವರ ಜೊತೆ ಹಿಡಿ."

ಮುದುಕಿ ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಗಂಟನ್ನು ಎಳೆದು ನೋಡಿದಳು. "ನೀನು ಎಳೆದರೂ ಎಳೀತೀವಿ, ಎಳೀದಿದ್ದರೂ ಎಳೀತೀವಿ," ಎಂದಳು. ಹೆಂಡತಿ ಇಳಿದಳು.

ಮಂಜಿನೊಳಗೆ ನೆಲ ಮೆತ್ತಗಿತ್ತು. ಮೇಲೆ ಕೆಳಗೆ ಎಂಬುದಿರಲಿಲ್ಲ. "ಸಣ್ಣೀ" ಎಂದು ಮಗಳನ್ನು ಕೂಗಿದಳು. ಅವಳ ದನಿ ಸ್ವಲ್ಪ ದೂರ ಹೋಗಿ ನಿಂತಿತು. ಎಲ್ಲ ಕಡೆಯಲ್ಲೂ ಹೆಜ್ಜೆಗಳ ಸದ್ದಿತ್ತು. ಬಹಳ ಜನ ನಡೆಯುತ್ತಿದ್ದರು. ಒಬ್ಬರಿಗೊಬ್ಬರು ತಾಗದೆ, ಒಬ್ಬರನ್ನೊಬ್ಬರು ಕಾಣದೆ, ಎಡಕ್ಕೆ ಹೋಗಿ ನಿಂತು, ಬಲಕ್ಕೆ ಹೋಗಿ ನಿಂತು ನಡೆಯುತ್ತಿದ್ದರು. ಅವರ ಬಾಯಲ್ಲಿ ಹೆಸರುಗಳಿದ್ದವು. ಯಾವುದೋ ದನಗಾಹಿಯ ಹೆಸರು, ಯಾವುದೋ ಮುದುಕನ ಹೆಸರು. ಬಹಳ ದಿನ ಕೂಗಿ ಸವೆದ ಹೆಸರುಗಳು.

ಅವುಗಳ ನಡುವೆ ಒಂದು ಕೆಮ್ಮು ಕೇಳಿಸಿತು. ಅದು ಅವಳಿಗೆ ಗೊತ್ತಿದ್ದ ಕೆಮ್ಮು.

"ಸೂಲಗಿತ್ತಿಯವ್ವಾ," ಎಂದು ಅವನು ಕೂಗುತ್ತಿದ್ದ. "ಎಲ್ಲಿದ್ದೀಯವ್ವಾ? ಓ ಅನ್ನು."

ಅವನ ಹಿಂದೆ ಸ್ವಲ್ಪ ದೂರದಲ್ಲಿ ಮಗಳು ನಡೆಯುತ್ತಿದ್ದಳು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಅಪ್ಪಾ, ಅವಳು ಬಂದ್ಲು. ಅಪ್ಪಾ, ಅವಳು ಮನೆಗೆ ಬಂದ್ಲು," ಎಂದು ಹೇಳುತ್ತಲೇ ಇದ್ದಳು. ಅವಳ ದನಿ ಬಿದ್ದುಹೋಗಿತ್ತು. ಅವನಿಗೆ ಅದು ಕೇಳಿಸುತ್ತಿರಲಿಲ್ಲ. ಅವನು ತಿರುಗಲಿಲ್ಲ.

ಹೆಂಡತಿ ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಮಗುವಿನ ಮೈ ಮಂಜಿನಷ್ಟೇ ತಣ್ಣಗಿತ್ತು.

"ಏನಂದ್ರೆ," ಎಂದು ಅವನನ್ನು ಕರೆದಳು. ಅವನು ತಿರುಗಲಿಲ್ಲ. "ಇಲ್ಲಿ ನೋಡು," ಎಂದಳು. ಅವನು ಬಲಕ್ಕೆ ಹೋಗಿ ನಿಂತ. ಮದುವೆಯಾದಾಗಿನಿಂದ ಅವಳು ಅವನ ಹೆಸರು ಹಿಡಿದಿರಲಿಲ್ಲ. ಹೆಂಡತಿಯರು ಹಿಡಿಯುವುದಿಲ್ಲ. ಆಮೇಲೆ ಊರು ಕೂಡ ಹಿಡಿಯುವುದನ್ನು ಬಿಟ್ಟಿತ್ತು. ಆ ಹೆಸರು ಎಲ್ಲೂ ಉಳಿದಿರಲಿಲ್ಲ.

"ಮುದ್ದಯ್ಯಾ," ಎಂದು ಅವಳು ಕೂಗಿದಳು.

ಅವನು ನಿಂತ. ಅವನ ಬೆನ್ನು ಅವಳಿಗೆ ಕಾಣುತ್ತಿತ್ತು. ಮುಖ ಕಾಣಲಿಲ್ಲ.

"ಯಾರು?"

"ನಾನು."

"ಇಲ್ಲಿಗೆ ಯಾಕೆ ಬಂದೆ? ಸೂಲಗಿತ್ತಿ ಸಿಕ್ತಿಲ್ಲ. ಇಲ್ಲೇ ಎಲ್ಲೋ ಇದಾಳೆ. ನಡೀತಾ ಇದ್ರೆ ಸಿಕ್ತಾಳೆ."

"ಅವಳು ಇಲ್ಲಿಲ್ಲ ಮುದ್ದಯ್ಯ. ನೀನು ಇಳಿಯೋ ಮುಂಚೆನೇ ಅವಳು ಆಚೆ ಊರು ಸೇರಿದ್ಲು. ಹೆರಿಗೆ ಮಾಡಿಸಿ ಮನೆಗೆ ಬಂದ್ಲು. ಇವತ್ತು ನಮ್ಮ ಹಿತ್ತಿಲಲ್ಲಿ ಕೂತು ಮಾತಾಡಿದ್ಲು."

ಸುತ್ತಲೂ ಉಳಿದವರ ಹೆಜ್ಜೆಗಳು ನಡೆಯುತ್ತಿದ್ದವು.

"ಬದುಕಿದಾಳಾ?"

"ಬದುಕಿದಾಳೆ. ನೀನು ಬಂದದ್ದು ಸುಮ್ಮನೆ," ಎಂದಳು ಹೆಂಡತಿ. ಹೇಳುತ್ತಾ ಹೇಳುತ್ತಾ ಅವಳ ಸಿಟ್ಟು ಹೊರಗೆ ಬಂತು. "ಸುಮ್ಮನೆ ಬಂದೆ. ಬೇಡ ಅಂದೆ ನಾನು. ಕೆಮ್ಮು ನಿಂತಿಲ್ಲ ಅಂದೆ. ಒಂದು ಮಾತು ಕೇಳಲಿಲ್ಲ. ಮುದ್ದೆ ಮುಚ್ಚಿಡು ಅಂದೆ ನೀನು. ಮುಚ್ಚಿಟ್ಟೆ. ಎಷ್ಟು ದಿನ ಅಂತ ಮುಚ್ಚಿಡಲಿ?"

"ಬದುಕಿದಾಳಲ್ಲ," ಎಂದ ಅವನು. ದನಿಯಲ್ಲಿ ಬೇರೇನೂ ಇರಲಿಲ್ಲ. ದೊಡ್ಡ ಹೊರೆ ಇಳಿಸಿದವನ ಉಸಿರಿನಂಥದೊಂದು ಇತ್ತು. "ಒಳ್ಳೇದಾಯ್ತು. ನನಗೆ ದಣಿವಾಗಿದೆ ಕಣೇ. ಕೂತ್ಕೊಳ್ಲಾ?"

ಅವಳು ಬೇಡ ಎನ್ನಬೇಕೆಂದಿದ್ದಳು. ಮನೆಗೆ ಬಾ ಎನ್ನಬೇಕೆಂದಿದ್ದಳು. ಬರುವವನ ದನಿ ಅದಾಗಿರಲಿಲ್ಲ.

"ಕೂತ್ಕೋ," ಎಂದಳು.

ಅವನು ಕೂತ. ಕೂತದ್ದು ಅವಳಿಗೆ ಕಾಣಿಸಿತು, ಆಮೇಲೆ ಮಂಜು ಮಾತ್ರ ಕಾಣಿಸಿತು. ಮಗಳ ಕೈಯಲ್ಲಿದ್ದ ಹಗ್ಗ ಸಡಿಲವಾಗಿ ನೆಲಕ್ಕೆ ಬಿತ್ತು. ಮಗಳು ಅವಳ ಕುತ್ತಿಗೆಗೆ ಮುಖ ಒತ್ತಿ ಅಳತೊಡಗಿದಳು. ಹೆಂಡತಿಗೂ ಅಳು ಬಂತು. ಕಾಲು ಕಿತ್ತಿಡಲಾಗದೆ ಅಲ್ಲೇ ನಿಂತಳು. ತಾನೂ ಪಕ್ಕದಲ್ಲಿ ಕೂತುಬಿಡಬಹುದು ಎನ್ನಿಸಿತು, ಮಂಜು ಅಷ್ಟು ಮೆತ್ತಗಿತ್ತು. ಆಗ ಸೊಂಟದ ಹಗ್ಗ ಬಿಗಿಯಿತು. ಹೆಂಗಸರು ಎಳೆಯುತ್ತಿದ್ದರು. ಅವಳು ಎಳೆದಿರಲಿಲ್ಲ, ಆದರೂ ಎಳೆಯುತ್ತಿದ್ದರು.

ಮರುದಿನ ಹೆಂಡತಿ ಸೂತಕ ಹಿಡಿದಳು. ಒಲೆ ಹಚ್ಚಲಿಲ್ಲ. ಮುಂಬಾಗಿಲನ್ನು ತೆರೆದಿಟ್ಟು ನೆಲದ ಮೇಲೆ ಕೂತಳು. ಕಲ್ಲುಮನೆಯ ಹೆಂಗಸರು ಅನ್ನ ಮಾಡಿಕೊಂಡು ಬೀದಿಯಲ್ಲೇ ಬಂದರು, ಹೊಸ್ತಿಲು ತುಳಿದೇ ಒಳಗೆ ಬಂದರು. ಅವಳ ಹಳೆಯ ಗೆಳತಿಯರು ಕಲ್ಲಿನ ಹತ್ತಿರ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಚಪ್ಪಲಿ ಬಿಟ್ಟು ಬಂದರು. ಸೂಲಗಿತ್ತಿ ಎಲ್ಲರಿಗಿಂತ ಕೊನೆಗೆ ಬಂದು ಬಾಗಿಲ ಮೂಲೆಯಲ್ಲಿ ಮುದುಡಿ ಕೂತಳು.

ಯಜಮಾನ ಬಂದು ಅಂಗಳದಲ್ಲಿ ನಿಂತ. "ತಾಯಿ, ವೀರನ ಮನೆಗೆ ಸೂತಕವಿಲ್ಲ," ಎಂದ.

"ವೀರನಿಗೆ ಇಲ್ಲ ಯಜಮಾನ್ರೇ. ಮುದ್ದಯ್ಯನಿಗೆ ಇದೆ," ಎಂದಳು ಹೆಂಡತಿ. "ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇಳಿಯೋರು ಇಳೀತಾರೆ. ಅವನು ಕಲ್ಲು ನೋಡ್ಕೊಂಡು ಇಳಿದವನಲ್ಲ. ಒಳಗೆ ಬನ್ನಿ, ಇಲ್ಲಾಂದ್ರೆ ಹೋಗಿ. ಅಲ್ಲೇ ನಿಂತು ಕೈ ಮುಗೀಬೇಡಿ."

ಯಜಮಾನ ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಜಗಲಿಯ ಮೇಲೆ ಕೂತ. ಒಳಗೆ ಹೆಂಗಸರು ಅತ್ತರು. ಅತ್ತು ಮುಗಿದ ಮೇಲೆ ಮಾತು ಬಂತು. ಮುದ್ದಯ್ಯ ಗೋಡೆಯ ಮೇಲೆ ಹಲ್ಲಿ ಕಂಡರೆ ಹೆದರುತ್ತಿದ್ದ ಎಂದು ಒಬ್ಬಳು ಹೇಳಿದಳು. ಬೆಲ್ಲ ಕದಿಯುತ್ತಿದ್ದ ಎಂದಳು ಹೆಂಡತಿ. "ನೀನು ಹುಟ್ಟಿದ ದಿನ ನಿಮ್ಮಪ್ಪ ಒಳಗೆ ಬರೋಕೆ ಹೆದರಿ ಕಣಜದ ಹಿಂದೆ ನಿಂತು ಅಳ್ತಿದ್ದ. ಹುಡುಗಿ, ನಿಂಗೆ ನೆನಪಿದೆಯಾ?" ಎಂದು ಸೂಲಗಿತ್ತಿ ಮೂಲೆಯಿಂದ ಮಗಳಿಗೆ ಹೇಳುತ್ತಾ, ಕೊನೆಯ ಮಾತಿಗೆ ಹೆಂಡತಿಯ ಕಡೆ ತಿರುಗಿದಳು. ಮಗಳು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತಳು.

ಬಿಸಿಲು ಇಳಿಯುತ್ತಾ ಬಂತು. ಮುದುಕಿ ಯಾರಿಗೂ ಹೇಳದೆ ಎದ್ದು ಹೊರಟಳು. ಹೆಂಡತಿ ಅವಳ ಹಿಂದೆಯೇ ಹೋದಳು.

"ಅಜ್ಜಿ, ನಿನ್ನ ಮಗ ಯಾರನ್ನ ಹುಡುಕಿಕೊಂಡು ಇಳಿದಿದ್ದ?"

"ಬುಟ್ಟಿ ಹೆಣೆಯೋನ ಕುರುಡು ತಾಯಿನ," ಎಂದಳು ಮುದುಕಿ, ನಡೆಯುತ್ತಲೇ. "ಅವಳು ಆಚೆ ಊರಿಗೂ ಹೋಗಿಲ್ಲ, ಈಚೆ ಊರಿಗೂ ಬಂದಿಲ್ಲ. ನಾನೂ ಕೇಳಿ ಕೇಳಿ ನೋಡಿದೆ. ನಿನಗಾದ್ರೂ ಹೇಳೋಕೆ ಒಂದು ಮಾತಿತ್ತು ಕಣವ್ವ. ನನ್ನವನಿಗೆ ಹೋಗಿ ಏನಂತ ಹೇಳಲಿ? ಅವನು ಹುಡುಕ್ತಾನೇ ಇರ್ತಾನೆ."

ಮುದುಕಿಯ ಮನೆಯಲ್ಲಿ ಹಗ್ಗ ಆಗಲೇ ಎದ್ದು ಬಾಗಿಲಿನತ್ತ ಚಾಚಿತ್ತು. ಹೆಂಡತಿ ಅದನ್ನು ಅಂಗೈಗೆ ಸುತ್ತಿಕೊಂಡು ಕಂಬಕ್ಕೆ ಒರಗಿ ಕೂತಳು. ಮುದುಕಿ ಸ್ವಲ್ಪ ಹೊತ್ತು ಕೈಗಳನ್ನು ಮಡಿಲಲ್ಲಿಟ್ಟು, ಅವುಗಳನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಕೂತಿದ್ದಳು. ಆಮೇಲೆ ಚಾಪೆಯ ಮೇಲೆ ಉರುಳಿದಳು, ಗೋಡೆಗೆ ಮುಖ ಮಾಡಿ ಮಲಗಿದಳು.

ಈ ಹಗ್ಗದ ಎಳೆತ ಬೇರೆ ಥರ ಇತ್ತು. ಮುದ್ದಯ್ಯ ನಿಧಾನಕ್ಕೆ ನಡೆಯುತ್ತಿದ್ದ, ತಿರುಗುವ ಮುಂಚೆ ನಿಲ್ಲುತ್ತಿದ್ದ. ಈ ಹುಡುಗನಿಗೆ ಅವಸರ. ನಾಲ್ಕು ಹೆಜ್ಜೆ ಬೇಗಬೇಗ ಹೋಗಿ ಗಕ್ಕನೆ ನಿಲ್ಲುತ್ತಿದ್ದ, ಕುರುಡಿ ಎಡವಿದ್ದು ಎಲ್ಲಾದರೂ ಕೇಳಿಸೀತೇ ಎಂದು ಕಿವಿಗೊಡುತ್ತಿದ್ದ, ಮತ್ತೆ ಓಡುತ್ತಿದ್ದ. ಹೆಂಡತಿ ಅವನನ್ನು ಎಂದೂ ಕಂಡವಳಲ್ಲ. ಅವಳು ಆ ಊರಿಗೆ ಸೊಸೆಯಾಗಿ ಬರುವ ಮುಂಚೆಯೇ ಅವನು ಇಳಿದಿದ್ದ. ಮುದುಕಿಯ ಉಸಿರು ಸಮವಾಗುತ್ತಾ ಬಂತು. ಹೆಂಡತಿ ಕಣ್ಣು ಮುಚ್ಚಿ, ಅವನು ಓಡಿದಾಗ ಹಗ್ಗ ಬಿಟ್ಟುಕೊಟ್ಟು, ನಿಂತಾಗ ತಾನೂ ಉಸಿರು ಹಿಡಿದು, ಅವನ ನಡಿಗೆಯನ್ನು ಕಲಿಯತೊಡಗಿದಳು.